ಅತ್ತಿಗೆಯ ಭತ್ಯೆ

ನಗರಸಭೆಯ ಸದಸ್ಯರಲ್ಲಿ ಯಾರು ಯಾವ ಖರ್ಚಿನ ಹೆಸರಿನಲ್ಲಿ ಎಷ್ಟು ಭತ್ಯೆ ಪಡೆದರು ಎಂಬುದನ್ನು ಪತ್ರಿಕೆಯವರು ಒಂದು ದಿನ ಅಚ್ಚು ಹಾಕಿದರು. ಒಬ್ಬರೇ ಒಬ್ಬರ ಎದುರು ಸೊನ್ನೆ ಇತ್ತು. ಆ ಸೊನ್ನೆಯನ್ನು ಎರಡು ವರ್ಷದಿಂದ ಹೊಲಿಗೆ ಮಷೀನು ತುಳಿದು ಸಾಕುತ್ತಿದ್ದವಳು ಟೈಲರಮ್ಮ. ಪತ್ರಿಕೆಯವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅದನ್ನು ಹಾಕಲು ಒಂದು ಕಾಲಂ ಇರಲಿಲ್ಲ.

ಟೈಲರಮ್ಮ ಆ ಸದಸ್ಯೆಯ ನಾದಿನಿ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, ನಾದಿನಿ ಇಬ್ಬರೂ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷೀನು ಹಾಕಿಕೊಂಡು ಕೂತಿದ್ದರು. ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ಪು ಬದಲಾಯಿಸುವುದು, ಕಿಟಕಿಯ ಪರದೆ, ದಿಂಬಿನ ಚೀಲ. ಹೆಸರು ತರುವ ಕೆಲಸವಲ್ಲ, ಹೊಟ್ಟೆ ಬಟ್ಟೆಗೆ ತೊಂದರೆ ಇರಲಿಲ್ಲ. ಅತ್ತಿಗೆಗೆ ಬಾಯಿ ಜೋರು. ಚರಂಡಿ ಕಟ್ಟಿಕೊಂಡರೆ ಅದು ಹರಿಯುವ ತನಕ ಎಂಜಿನಿಯರನ ಬೆನ್ನು ಬಿಡುತ್ತಿರಲಿಲ್ಲ. ಅದನ್ನು ನೋಡಿಯೇ ಬೀದಿಯವರು ಚುನಾವಣೆಗೆ ನಿಲ್ಲಿಸಿದರು, ಗೆಲ್ಲಿಸಿಯೂ ಬಿಟ್ಟರು. ಗೆದ್ದ ಹುರುಪಿನಲ್ಲಿ ಅತ್ತಿಗೆ ಮೈಕು ಹಿಡಿದು, "ಭತ್ಯೆ ಅಂತ ಒಂದು ಕಾಸೂ ಮುಟ್ಟಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು. ಟೈಲರಮ್ಮನೂ ಕೈ ನೋಯುವಷ್ಟು ತಟ್ಟಿದಳು.

ಪ್ರಾಮಾಣಿಕತೆಗೆ ಇಷ್ಟು ಖರ್ಚಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಭೆಗೆ ಹೋಗಿಬರುವ ಆಟೋ ಬಾಡಿಗೆ, ದಿನವಿಡೀ ಬಡಿದುಕೊಳ್ಳುವ ಫೋನು, ಬೀದಿದೀಪ ಕೆಟ್ಟಿದೆ ಎಂದು ಬಂದವರಿಗೆ ಚಹಾ, ಅವರ ಜೊತೆ ಸುಮ್ಮನೆ ಬಂದವರಿಗೂ ಚಹಾ. ಬಟ್ಟೆ ಕತ್ತರಿಸುವ ಮೇಜು ವಾರ್ಡಿನ ಕಚೇರಿಯಾಯಿತು. ಅತ್ತಿಗೆಯ ಮಷೀನು ಜನರ ಅರ್ಜಿಗಳ ಅಡಿಯಲ್ಲಿ ಕಾಣದೇ ಹೋಯಿತು. ದುಡಿಯುವ ಕಾಲು ಎರಡೇ ಉಳಿದವು, ಅವೂ ಟೈಲರಮ್ಮನವು.

ಇದು ಸಾಲದೆಂದು ಅತ್ತಿಗೆ ಇನ್ನೊಂದು ನಿಯಮ ಮಾಡಿದರು. "ವಾರ್ಡಿನವರ ಹತ್ರ ಸಣ್ಣಪುಟ್ಟದಕ್ಕೆಲ್ಲ ದುಡ್ಡು ಕೇಳಬೇಡ ಕಣೇ, ಚೆನ್ನಾಗಿರಲ್ಲ." ಅಂದಿನಿಂದ ವಾರ್ಡಿನವರಿಂದ ಬರೀ ಸಣ್ಣಪುಟ್ಟ ಕೆಲಸಗಳೇ ಬರತೊಡಗಿದವು. ನಿವೃತ್ತ ಮೇಷ್ಟ್ರು ಒಬ್ಬರಿದ್ದರು, ತೆರಿಗೆದಾರರ ಸಂಘದ ಕಾರ್ಯದರ್ಶಿ. ಅವರ ಹೊಟ್ಟೆ ಒಂದು ಅಳತೆಯಲ್ಲಿ ನಿಲ್ಲುವ ಜಾತಿಯದಲ್ಲ. ಬೀರುವಿನಲ್ಲಿದ್ದ ಪ್ಯಾಂಟುಗಳನ್ನೆಲ್ಲ ಬೇಸಿಗೆಗೊಮ್ಮೆ ಬಿಗಿ ಮಾಡಿಸಿ, ಚಳಿಗಾಲಕ್ಕೊಮ್ಮೆ ಸಡಿಲ ಮಾಡಿಸಿದರು.

ಟೈಲರಮ್ಮನಿಗೆ ಒಂದೇ ಒಂದು ಆಸೆ ಇತ್ತು. ಪಕ್ಕದ ರಸ್ತೆಯ ಶಾಲೆಯ ಸಮವಸ್ತ್ರದ ಕೆಲಸ ಹಿಡಿಯಬೇಕು. ಒಮ್ಮೆ ಸಿಕ್ಕರೆ ಪ್ರತಿವರ್ಷ ಸಿಗುವ ಕೆಲಸ ಅದು. ಆದರೆ ಹೆಡ್‌ಮಿಸ್ಸು ಖಂಡಿತವಾಗಿ ಹೇಳಿದ್ದರು: "ಅಂಚಿನ ದಾರ ಬಿಚ್ಚಿಕೊಂಡ್ರೆ ಪೋಷಕರು ನನ್ನ ತಲೆ ತಿಂತಾರೆ. ಓವರ್‌ಲಾಕ್ ಮಷೀನ್ ಇದ್ರೆ ಬನ್ನಿ." ಅದಕ್ಕೆಂದೇ ಅವಳು ಮೊದಲಿನಿಂದ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದಳು. ಎರಡು ವರ್ಷದ ಜನಸೇವೆಯಲ್ಲಿ ಡಬ್ಬಿ ಬರಿದಾಗಿ, ಈಗ ಅದರಲ್ಲಿ ಗುಂಡಿಗಳನ್ನು ಹಾಕಿಟ್ಟಿದ್ದಳು. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು.

"ಅತ್ತಿಗೆ, ಓಡಾಟದ್ದು, ಫೋನಿಂದು, ಅಷ್ಟಾದ್ರೂ ತಗೊಳ್ಳಿ. ಕದಿಯೋದೇನಲ್ಲ, ಕಾನೂನಲ್ಲೇ ಇದೆ."

"ಜನರಿಗೆ ಮಾತು ಕೊಟ್ಟಿದ್ದೀನಲ್ಲೇ."

"ಮಾತು ಕೊಟ್ಟಿದ್ದು ನೀವು. ದುಡ್ಡು ಕೊಡ್ತಿರೋದು ನಾನು."

ಅತ್ತಿಗೆ ಜೋರಾಗಿ ನಕ್ಕರು. ನಕ್ಕು ಮುಗಿಸಿ ಸಭೆಗೆ ಹೋಗಲು ಬಾಡಿಗೆ ಕೇಳಿದರು.

ಪತ್ರಿಕೆಯಲ್ಲಿ ಪಟ್ಟಿ ಬಂದ ಮೇಲೆ ಊರೆಲ್ಲ ಗದ್ದಲ. ತಡೆಯಲಾರದೆ ಅಧ್ಯಕ್ಷರು ನಗರಸಭೆಯ ಸಭಾಂಗಣದಲ್ಲೇ ಸಾರ್ವಜನಿಕ ಸಭೆ ಕರೆದರು. ಎಲ್ಲ ಸದಸ್ಯರೂ ಭತ್ಯೆ ಬಿಡಬೇಕೆಂದು ಅಲ್ಲಿ ಕೇಳುವುದು, ತಾವು ಬದುಕಿರುವ ತನಕ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡುವುದು ಅತ್ತಿಗೆಯ ಯೋಜನೆ. ಗಿರಾಕಿಗಳು ಅಳತೆ ನೋಡಿಕೊಳ್ಳುವ ಕನ್ನಡಿಯ ಮುಂದೆ ನಿಂತು ಮೂರು ಸಲ ಅಭ್ಯಾಸ ಮಾಡಿದರು. "ಬದುಕಿರೋ ತನಕ" ಎಂಬಲ್ಲಿ ಪ್ರತಿಸಲವೂ ಕೈ ಮೇಲೆತ್ತಿದರು. ಟೈಲರಮ್ಮನ ಬಾಯಿತುಂಬ ಗುಂಡುಸೂಜಿ ಇದ್ದುದರಿಂದ ಏನೂ ಹೇಳಲಾಗಲಿಲ್ಲ. ಅತ್ತಿಗೆ ಗಟ್ಟಿಮುಟ್ಟಾಗಿದ್ದರು. ಬದುಕಿರುವ ತನಕ ಎಂದರೆ ಬಹಳ ದಿನವೇ.

ಸಭೆಯಲ್ಲಿ ಮೇಷ್ಟ್ರದೇ ದರ್ಬಾರು. ಒಬ್ಬೊಬ್ಬ ಸದಸ್ಯರನ್ನೂ ಎಬ್ಬಿಸಿ, "ರಸೀದಿ ಎಲ್ಲಿ?" ಎಂದು ಕೇಳಿದರು. ಒಬ್ಬರ ಮನೆಯೂ ನಗರಸಭೆಯೂ ಅಕ್ಕಪಕ್ಕ, ನಡುವೆ ಇರುವುದು ಒಂದು ಕಾಂಪೌಂಡು ಗೋಡೆ. ಓಡಾಟದ ಭತ್ಯೆ ಹೇಗೆ ಪಡೆದಿರಿ ಎಂದಾಗ ಅವರು, "ಗೋಡೆ ಹಾರೋ ವಯಸ್ಸೇನ್ರೀ ನನ್ನದು? ಸುತ್ತಿಕೊಂಡು ಬರ್ಬೇಕು" ಎಂದರು. ಸಭಾಂಗಣದಲ್ಲಿ ಕೂಗಾಟ ಎದ್ದಿತು. ಅದು ತಣ್ಣಗಾದ ಮೇಲೆ ಅತ್ತಿಗೆ ಕಾಗದ ಹಿಡಿದು ಎದ್ದರು. "ನನ್ನ ಸೇವೆಯಿಂದ ಯಾರಿಗೂ ಒಂದು ಕಾಸಿನ ಭಾರ ಬಿದ್ದಿಲ್ಲ" ಎಂದರು. ಚಪ್ಪಾಳೆಯೋ ಚಪ್ಪಾಳೆ.

ಹಿಂದಿನ ಸಾಲಿನಲ್ಲಿ ಟೈಲರಮ್ಮ ಎದ್ದು ನಿಂತಿದ್ದಳು. ಎದ್ದದ್ದು ಅವಳಿಗೇ ಆಮೇಲೆ ಗೊತ್ತಾಯಿತು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಯಾರಮ್ಮ ನೀವು? ಯಾವ ಸಂಘದವರು?" ಅಧ್ಯಕ್ಷರು ಕೇಳಿದರು.

"ಸಂಘ ಇಲ್ಲ ಸಾರ್. ನಾನು ಅವರ ಭತ್ಯೆ."

ಸಭೆ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. "ಅವರು ಕಳ್ಳರಲ್ಲ. ಅವರಷ್ಟು ಕೆಲಸ ಮಾಡೋರು ಇಲ್ಲಿ ಯಾರೂ ಇಲ್ಲ. ಆದ್ರೆ ಅವರ ಆಟೋ ಬಾಡಿಗೆ, ಫೋನು, ಮನೆಗೆ ಬಂದ ನಿಮಗೆಲ್ಲ ಚಹಾ, ಎರಡು ವರ್ಷದಿಂದ ನಾನು ಹೊಲಿದು ಕಟ್ಟಿದ್ದೀನಿ. ನನ್ನ ಬಿಲ್ಲು ಯಾರಿಗೆ ಕೊಡ್ಲಿ, ಅದೊಂದು ಹೇಳಿ, ಕೂತ್ಕೋತೀನಿ."

ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಕೂಡ ರಸೀದಿ ಕೇಳಲಿಲ್ಲ. ಅತ್ತಿಗೆ ಕೈಯಲ್ಲಿದ್ದ ಕಾಗದವನ್ನು ನೋಡಿದರು. "ಬದುಕಿರೋ ತನಕ" ಅದರ ಕೆಳಗಿನ ಸಾಲಿನಲ್ಲಿತ್ತು. ಅದನ್ನು ಓದದೆ ಕೂತರು.

ಮನೆಗೆ ಬಂದು ಇಬ್ಬರೂ ದೀಪ ಹಾಕದೆ ಕೂತಿದ್ದರು. "ಅಷ್ಟು ಜನರ ಮುಂದೆ ನನ್ನ ಮಾನ ಕಳೆದೆ" ಎಂದರು ಅತ್ತಿಗೆ.

"ಮನೇಲಿ ಹೇಳಿದಾಗ ನಕ್ಕಿರಿ."

ಅತ್ತಿಗೆ ಆ ಕಾಗದವನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ, "ಚಪ್ಪಾಳೆ ರುಚಿ ಹತ್ತಿಬಿಟ್ಟಿತ್ತು ಕಣೇ" ಎಂದು ಅತ್ತರು. ಟೈಲರಮ್ಮನೂ ಅತ್ತಳು. ಅವಳದು ದುಃಖವಲ್ಲ, ಎರಡು ವರ್ಷದ ಸಿಟ್ಟು. ಆದರೂ ತನ್ನ ಸೆರಗಿನಿಂದ ಅತ್ತಿಗೆಯ ಕಣ್ಣು ಒರೆಸಿದಳು. ಬೆಳಗ್ಗೆ ಎದ್ದಾಗ ಅರ್ಜಿಗಳೆಲ್ಲ ಮೂಲೆಯ ಸ್ಟೂಲಿನ ಮೇಲಿದ್ದವು. ಅತ್ತಿಗೆ ತಮ್ಮ ಮಷೀನಿನ ಧೂಳು ಒರೆಸುತ್ತಿದ್ದರು.

ಮುಂದಿನ ತಿಂಗಳಿಂದ ಅತ್ತಿಗೆ ಓಡಾಟದ್ದು, ಫೋನಿನದು ಎರಡೂ ಭತ್ಯೆ ಪಡೆದರು. "ಇವರೂ ಶುರು ಹಚ್ಕೊಂಡ್ರು" ಎಂದು ಬೀದಿ ಮೂಗು ಮುರಿಯಿತು. ಓವರ್‌ಲಾಕ್ ಮಷೀನು ಕಂತಿನ ಮೇಲೆ ಬಂತು, ತಡವಾಗಿ ಬಂತು. ಶಾಲೆಯ ಕೆಲಸದಲ್ಲಿ ಚಿಕ್ಕ ಮಕ್ಕಳ ತರಗತಿಗಳು ಮಾತ್ರ ಉಳಿದಿದ್ದವು. ಟೈಲರಮ್ಮ ಅದನ್ನೇ ಕಣ್ಣಿಗೊತ್ತಿಕೊಂಡಳು.

ಚಳಿ ಶುರುವಾದಾಗ ಮೇಷ್ಟ್ರು ಪ್ಯಾಂಟು ತಂದರು. ಸಡಿಲ ಮಾಡಿದ್ದನ್ನು ಸೊಂಟಕ್ಕೆ ಹಿಡಿದು ನೋಡಿ, ಕನ್ನಡಿಯ ಮುಂದೆ ನಿಟ್ಟುಸಿರು ಬಿಟ್ಟರು. "ಕೊನೆಗೆ ನಿಮ್ಮ ಅತ್ತಿಗೆಯೂ ಎಲ್ಲರ ಹಾಗೇ ಆಗ್ಬಿಟ್ರಲ್ಲಮ್ಮ."

ಟೈಲರಮ್ಮ ಕೂಲಿ ಎಷ್ಟೆಂದು ಹೇಳಿದಳು.

"ಇದಕ್ಕೆ ಯಾವತ್ತೂ ದುಡ್ಡು ತಗೊಂಡಿರ್ಲಿಲ್ಲ ನೀನು!"

"ಆಗ ಅತ್ತಿಗೆ ಏನೂ ಮುಟ್ಟುತ್ತಿರ್ಲಿಲ್ಲ ಮೇಷ್ಟ್ರೇ. ನಿಮ್ಮ ಪ್ಯಾಂಟಿಗೂ ನಾನೇ ಭತ್ಯೆ ಕೊಡ್ತಿದ್ದೆ."

ಮೇಷ್ಟ್ರು ಪ್ಯಾಂಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಜೇಬಿಗೆ ಕೈ ಹಾಕಿದರು. ಆ ಕಡೆಯ ಮಷೀನಿನಿಂದ ಅತ್ತಿಗೆ ತಲೆ ಎತ್ತದೆ ಹೇಳಿದರು:

"ರಸೀದಿ ಕೊಡೇ. ಅವರು ಕೇಳ್ತಾರೆ."