ಟವಲ್ ಕೆಳಗಿನ ಬೆರಳು

ಎಲ್ಲ ಸರ್ಕಾರದ ಟ್ಯಾಕ್ಸು ಅನ್ನುವವರನ್ನು ನಾನು ಇವತ್ತಿಗೂ ನಂಬುವುದಿಲ್ಲ. ಎಂಬತ್ತರ ದಶಕದಲ್ಲಿ ನನ್ನ ತಮ್ಮನಿಗೆ ದುಬೈನಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಶಿರಾದ ಏಜೆಂಟೊಬ್ಬನ ಹತ್ತಿರ ವಿಮಾನದ ಟಿಕೆಟ್ ಮಾಡಿಸಿದೆವು. ಅವನು ಕೇಳಿದ ದುಡ್ಡಿಗೂ ಟಿಕೆಟ್ಟಿನಲ್ಲಿದ್ದ ದುಡ್ಡಿಗೂ ತಾಳೆಯೇ ಆಗಲಿಲ್ಲ.

"ಮೇಲಿಂದೆಲ್ಲ ಸರ್ಕಾರದ ಟ್ಯಾಕ್ಸು ಕಣಮ್ಮ, ನಂಗೊಂದು ಪೈಸೆನೂ ಇಲ್ಲ," ಎಂದ.

ನನಗೆ ಮೈಯೆಲ್ಲ ಉರಿಯಿತು. ಟ್ಯಾಕ್ಸು ಸೇರಿಸಿಯೇ ಅಲ್ಲವೇ ಟಿಕೆಟ್ಟಿನಲ್ಲಿ ಒಟ್ಟು ಬರೆದಿದ್ದದ್ದು?

ಜೊತೆಗೆ ಬಂದಿದ್ದ ನನ್ನ ಸೋದರಮಾವ ಕುರಿ ವ್ಯಾಪಾರದವನು. ಅವನು ಜಗಳಕ್ಕೇ ಹೋಗಲಿಲ್ಲ. ಹೆಗಲ ಮೇಲಿನ ಟವಲನ್ನು ಏಜೆಂಟನ ಕೈಮೇಲೆ ಹಾಕಿ, ಒಳಗೆ ಕೈ ತೂರಿಸಿ, ಅವನ ಎರಡು ಬೆರಳು ಹಿಡಿದ. ಸಂತೆಯಲ್ಲಿ ದಲ್ಲಾಳಿಯ ಪಾಲು ಎಷ್ಟೆಂದು ಕೇಳುವುದು ಹಾಗೆಯೇ, ಯಾರಿಗೂ ಕಾಣದಂತೆ, ಒಂದು ಬೆರಳಿಗೆ ಇಷ್ಟು ರೂಪಾಯಿ ಅಂತ. ಏಜೆಂಟನೂ ಅದೇ ಸಂತೆಯಲ್ಲಿ ಬೆಳೆದವನು. ಎರಡು ಸಾಲದು ಅನ್ನುವಂತೆ ಅವನ ಕೈ ತಾನಾಗಿಯೇ ತಿರುಗಿ ಮಾವನ ನಾಲ್ಕು ಬೆರಳನ್ನು ಅದುಮಿತು.

ಮಾವ ಟವಲ್ ಎತ್ತಿದ. ಏಜೆಂಟ್ ಇನ್ನೂ ಆ ನಾಲ್ಕು ಬೆರಳನ್ನು ಹಿಡಿದುಕೊಂಡೇ ಇದ್ದ.

"ಈಗ ಹೇಳ್ಲಾ, ಇದ್ಯಾವ ಸರ್ಕಾರದ ಕೈ?"