ಎರಡನೇ ಬ್ರೇಕು

ನೋಡುವುದಕ್ಕೆ ಐದಡಿಯೂ ಇಲ್ಲ. ತಕ್ಕಡಿಗೆ ಹಾಕಿದರೆ ಎರಡು ಮೂಟೆ ಗುಂಡಿಗೂ ಸರಿದೂಗುವುದಿಲ್ಲ. ಮಾತು ಕಡಿಮೆ, ಚೌಕಾಸಿಗೆ ಬಗ್ಗುವ ಪೈಕಿಯಲ್ಲ, ಹೆದರಿದರೆ ಮೂಗಿನ ತುದಿ ಬೆವರುತ್ತದೆ. ಅಂಗಿ ಗುಂಡಿಗಳ ಸಗಟು ವ್ಯಾಪಾರಿಯಾದ ಮೈದುನ ತನ್ನ ಅತ್ತಿಗೆಗೆ ಕಟ್ಟಿದ ಬೆಲೆ ಇಷ್ಟು. ಈ ಬರಹವೂ ಅವನದೇ; ಓದುವವರು ತಕ್ಕಡಿಯ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು.

ಅತ್ತಿಗೆ ಡ್ರೈವಿಂಗ್ ಕಲಿಸುವವಳು. ಗಂಡ ತೀರಿಕೊಂಡ ಮೇಲೆ ಅವನ ಹಳೇ ಕಾರು, ಮನೆಯ ಬೀದಿಬದಿಯ ಕೋಣೆ, ಇವೆರಡನ್ನೇ ಹಿಡಿದು ಮುನ್ನೂರು ಜನರ ಕೈಗೆ ಸ್ಟಿಯರಿಂಗ್ ಕೊಟ್ಟಿದ್ದಳು. ಊರೋ, ಇಸ್ತ್ರಿ ಮಾಡಿಟ್ಟಂತೆ ಸಪಾಟು. ಅಲ್ಲಿ ಎಲ್ಲಕ್ಕಿಂತ ದೊಡ್ಡ ಏರು ಅಂದರೆ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುವ ಇಳಿಜಾರು.

ಆ ಕೋಣೆಯ ಮೇಲೆ ಮೈದುನನಿಗೆ ಬಹಳ ದಿನದಿಂದ ಕಣ್ಣು. ಗುಂಡಿ ಡಬ್ಬಗಳು ಅಂಗಡಿ ತುಂಬಿ ಅವನ ಮಂಚದ ಕೆಳಗೂ ಬಂದಿದ್ದವು. ಒಂದು ದಿನ ಊಟಕ್ಕೆ ಕೂತಾಗ ತಾಯಿಯ ಮುಂದೆ ಕೆಣಕಿದ.

"ಬೆಟ್ಟ ಹತ್ತೋಕೆ ಬರದವರು ಡ್ರೈವಿಂಗ್ ಕಲಿಸ್ತಾರಂತೆ! ನಾಳೆ ಸ್ಯಾಂಪಲ್ ತಗೊಂಡು ಘಾಟಿ ಆಚೆ ಹೋಗ್ಬೇಕು. ನೀವೇ ಕರ್ಕೊಂಡು ಹೋಗಿ ಅತ್ತಿಗೆ, ನೋಡೇಬಿಡೋಣ."

"ಯಾಕೆ, ಬಸ್ಸಿಲ್ವಾ ನಿಂಗೆ?"

"ಹೆದರಿಕೆ ಅಂತ ಹೇಳ್ಬಿಡಿ, ಸಾಕು."

ತಾಯಿ ತಟ್ಟೆಯಿಂದ ತಲೆಯೆತ್ತಿದಳು. "ಕಾರಿಗೆ ಏನೂ ಆಗದ ಹಾಗೆ ಹೋಗಿ ಬಂದರೆ ಕೋಣೆ ಅವಳದು. ಇಲ್ಲಾಂದ್ರೆ ನಿಂದು. ಇನ್ಮೇಲೆ ಇಬ್ರೂ ನನ್ನ ತಲೆ ತಿನ್ಬೇಡಿ."

ಕಲಿಸುವ ಕಾರಲ್ಲವೇ, ಚಾಲಕನ ಪಕ್ಕದ ಸೀಟಿನಲ್ಲಿ ಕೂತವರ ಕಾಲಿಗೂ ಒಂದು ಬ್ರೇಕು ಸಿಗುತ್ತಿತ್ತು. ಬೆಳಿಗ್ಗೆ ಹೊರಟಾಗ ಮೈದುನ ಅಲ್ಲಿ ಕಾಲು ಚಾಚಿ ಕೂತ. ಏರಿನುದ್ದಕ್ಕೂ ಅತ್ತಿಗೆಯ ಮೂಗು ಬೆವರಿತು. ಎದುರಿಗೆ ಲಾರಿ ಬಂದಾಗಲೆಲ್ಲ ಕಾರನ್ನು ನಿಧಾನಿಸಿದಳು.

"ಹಿಂದಿನವರು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ್ರು. ಇಳಿದು ತಳ್ಲಾ ಅತ್ತಿಗೆ?"

"ಬಾಯಿ ಮುಚ್ಕೊಂಡು ಕೂತ್ಕೋ."

ನೆತ್ತಿ ದಾಟಿ ಇಳಿಜಾರು ಶುರುವಾಯಿತು. ಮೈದುನನ ಕಿಟಕಿಯ ಕೆಳಗೆ ತಡೆಗೋಡೆಯೂ ಇಲ್ಲದ ಕಣಿವೆ. ಅವನು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ.

ಏಳನೇ ತಿರುವಿನಲ್ಲಿ ಸುಟ್ಟ ವಾಸನೆ. ಅತ್ತಿಗೆ ಕಾರು ನಿಲ್ಲಿಸಿ ಇಳಿದು ನೋಡಿದರೆ ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿದೆ.

"ಸೆಕೆಂಡ್ ಗೇರಲ್ಲೇ ಇಳಿಸ್ತಿದ್ದೀನಿ. ನಾನು ಬ್ರೇಕ್ ಮುಟ್ಟಿದ್ದೇ ಕಮ್ಮಿ," ಎಂದು ಗೊಣಗುತ್ತ ಬಂದು ಅವನ ಬಾಗಿಲು ತೆಗೆದಳು. ಮೈದುನನ ಬಲಗಾಲು ಮೊಳೆ ಹೊಡೆದಂತೆ ಪೆಡಲಿನ ಮೇಲಿತ್ತು. ಕಾರು ನಿಂತದ್ದೂ ಆ ಕಾಲಿಗೆ ಗೊತ್ತಾಗಿರಲಿಲ್ಲ.

"ತೆಗಿ ಕಾಲು."

ಬರಲಿಲ್ಲ. ಮೊಣಕಾಲಿಗೆ ಒಂದು ಗುದ್ದು ಬಿದ್ದ ಮೇಲೆ ಬಂತು.

"ಹಿಂದೆ ಹೋಗು. ಕಣ್ಣು ಮುಚ್ಚಿ ಕೂತ್ಕೋ. ಸ್ಯಾಂಪಲ್ ಡಬ್ಬಾನ ತಬ್ಕೋ."

ಚಕ್ರ ತಣಿಯಲು ಒಂದು ಗಂಟೆ ಕಾದು ಅವಳು ಘಾಟಿ ಇಳಿಸಿದಳು. ಮರುದಿನ ಅದೇ ದಾರಿಯಲ್ಲಿ ವಾಪಸ್ಸು ತಂದಳು. ಎರಡೂ ದಿನ ಮೈದುನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಯೇ ಕೂತಿದ್ದ.

ಊರಿನ ಮೆಕ್ಯಾನಿಕ್ ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡು ಸುಟ್ಟುಹೋಗಿದೆ ಎಂದ. ತಾಯಿ ಇಬ್ಬರನ್ನೂ ನಿಲ್ಲಿಸಿ ಕೇಳಿದಳು.

"ಅತ್ತಿಗೆ ಸುಟ್ರಮ್ಮ," ಎಂದ ಮೈದುನ, ಅತ್ತಿಗೆಯ ಮುಖ ನೋಡದೆ.

"ಇವನೇ, ಅತ್ತೆ. ದಾರಿಯುದ್ದ ಪಕ್ಕದ ಬ್ರೇಕ್ ಒತ್ಕೊಂಡೇ ಕೂತಿದ್ದ."

"ಸುಮ್ನಿರಮ್ಮ. ಸೈಕಲ್ ಹೊಡೆಯೋಕೂ ಬರಲ್ಲ ಇವನಿಗೆ. ಬ್ರೇಕ್ ಎಲ್ಲಿರುತ್ತೆ ಅಂತ ಏನು ಗೊತ್ತು, ಪಾಪ!" ಎಂದಳು ತಾಯಿ.

ಅತ್ತಿಗೆ ಒಳಗೆ ಹೋದಳು. ಕೋಣೆಯ ಬೀಗದಕೈ ತಂದು ಮೈದುನನ ಕೈಗೆ ಹಾಕಿದಳು. "ಬಾಗಿಲು ಸ್ವಲ್ಪ ಬಿಗಿ. ಕೈಯಲ್ಲಿ ಎಳಿ, ಒದೀಬೇಡ. ನಿನ್ನ ಕಾಲಿಗೆ ಆ ಚಾಳಿ ಇದೆ."

ಈಗ ಅವಳು ಬೀದಿಯಲ್ಲೇ, ಕಾರಿಗೆ ಬೋರ್ಡು ಒರಗಿಸಿಕೊಂಡು ಕಲಿಸುತ್ತಾಳೆ. ಕೋಣೆಯ ತುಂಬ ಗುಂಡಿ ಡಬ್ಬಗಳು. ಇದನ್ನು ಬರೆದ ಮೈದುನ ಅತ್ತಿಗೆಗೆ ಆ ಕೋಣೆಯನ್ನು ಹಿಂದಕ್ಕೆ ಕೊಡಬೇಕು. ಬ್ರೇಕ್ ಒತ್ತಿದ್ದು ತಾನೇ ಎಂದು ತಾಯಿಯ ಮುಂದೆ ಹೇಳಬೇಕು. ಎರಡೂ ಇನ್ನೂ ಬಾಕಿ ಇವೆ.