ತಿಗನಾರೆಯ ಓಣಿಯ ಉಬ್ಬು

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಟ್ರ್ಯಾಕ್ಟರ್ ಮೆಕ್ಯಾನಿಕ್ ಕೆಂಡಗಣ್ಣ ತಿಗನಾರೆಯಲ್ಲಿ ತನ್ನ ಮನೆ ಮುಂದಿನ ಓಣಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಾರಿನಿಂದ ಸೋರುತ್ತಿದ್ದ ಎಣ್ಣೆಗೆ ಬಾಣಲಿ ಒಡ್ಡಿದ್ದ. ಅಮೆರಿಕದ ಹಳೇ ಮಸಲ್ ಕಾರು, ಅಂದರೆ ಭಾರೀ ಎಂಜಿನ್ನಿನ ವೇಗದ ಕಾರಿನ ರೂಪದಲ್ಲೇ ಹೊಸದಾಗಿ ತಯಾರಾದ ಕಾರು ಅದು. ಉದ್ದ ಮೂತಿ, ನೆಲಕ್ಕಂಟಿದ ಹೊಟ್ಟೆ. ವರ್ಷಗಳಿಂದ ಅಂಥ ಕಾರನ್ನು ಫೋನಿನಲ್ಲಿ ನೋಡಿ, ಹೆಂಡತಿ ಜಡೆಯಮ್ಮನಿಗೂ ತೋರಿಸುತ್ತಿದ್ದ.

ಅರ್ಧ ಗಂಟೆ ಹಿಂದೆ ಅದೇ ಕಾರು ಅವನ ಅಂಗಡಿ ಮುಂದೆ ನಿಂತಿತ್ತು. ಓಡಿಸುತ್ತಿದ್ದ ಮೇಘ ತಾಳಮಲೆಗೆ ದಾರಿ ಕೇಳಿದಳು. ಒಳ್ಳೆಯ ಡಾಂಬರು ರಸ್ತೆ ಇದ್ದರೂ, ಜಡೆಯಮ್ಮ ಕಣ್ಣಾರೆ ನೋಡಲಿ ಎಂದು ಅವನು ಈ ಓಣಿಯನ್ನು ತೋರಿಸಿದ. ಕರುವೊಂದು ಗಾಡಿಗೆ ಸಿಕ್ಕಿ ಸತ್ತ ಮೇಲೆ ಇಲ್ಲಿ ಗೇಣೆತ್ತರದ ಮಣ್ಣಿನ ಉಬ್ಬು ಹಾಕಿದವನೂ ಅವನೇ.

"ನಂಗ್ ತೋರ್ಸಕೆ ಆ ಮಗೀನ್ ಕಾರ್ ಒಟ್ಟೆ ಬಗ್ದ್ ಬುಟ್ಟಲ್ಲ ನೀನು!" ಜಗಲಿಯಿಂದ ಜಡೆಯಮ್ಮ ಅಂದಳು.

ಮೇಘ ಬಯ್ಯಲಿಲ್ಲ. "ಬಿಡಿ ಅಣ್ಣ, ಇಳಿದು ನೋಡದೆ ಉಬ್ಬಿನ ಮೇಲೆ ಹತ್ತಿಸಿದ್ದು ನನ್ನ ತಪ್ಪು."

ಕೆಂಡಗಣ್ಣ ತಲೆ ಎತ್ತಲಿಲ್ಲ. ಓಣಿಯಲ್ಲೊಂದು ಉಬ್ಬಿದೆ ಎಂದು ಅವನು ಹೇಳಿದಾಗ, ಎಷ್ಟೆತ್ತರ ಎಂದು ಅವಳು ಅಂಗಡಿಯಲ್ಲೇ ಕೇಳಿದ್ದಳು. ಗೇಣು ಎಂದರೆ ಈ ಕಡೆ ಬರುವುದಿಲ್ಲವೆಂದು ಗೊತ್ತಿದ್ದೇ ಅವನು ಕೈ ಚಾಚಿ ಹೇಳಿದ್ದ: "ನಾಕೇ ಬೆರ್ಳು ಕಣವ್ವ."